ಮಾಘಕ್ಕೆ ಅರಳಬೇಕಾದ ಅಜೇಲಿಯಾ

ಅಜೇಲಿಯಾ ಹೂಗಿಡದ ಕುಂಡ ಬಚ್ಚಲೊಲೆಯ ಪಕ್ಕದಲ್ಲಿ ಸಿಕ್ಕಿತು. ನಡುಮನೆಯ ತಂಪು ಕಿಟಕಿಯಲ್ಲಿ ಇರಬೇಕಾದದ್ದು. ಎಲೆಗಳು ಜೋತುಬಿದ್ದಿದ್ದವು. ಮಣ್ಣು ಒಣಗಿ ಕುಂಡದ ಅಂಚು ಬಿಟ್ಟಿತ್ತು.

ಕುಂಡವೇನು ನಡೆದುಕೊಂಡು ಹೋಗುವುದಿಲ್ಲ. ಯಾರು ತಂದಿಟ್ಟರೆಂದು ಸುಭದ್ರಾ ಕೇಳಲೂ ಇಲ್ಲ. ಈ ಮನೆಯಲ್ಲಿ ಮದುವೆ ಬೇಡವೆಂದವರು ಒಬ್ಬರೇ, ಗಂಡನ ಅಣ್ಣ ರಮಾಕಾಂತ. ಮುಹೂರ್ತದ ದಿನ ಈ ಗಿಡದ ಹೂವೇ ಆಗಬೇಕೆಂದು ಅವಳು ಹಠ ಹಿಡಿದದ್ದೂ ಅವರಿಗೆ ಗೊತ್ತಿತ್ತು.

ಹಿಡಿದಿಟ್ಟ ಮಳೆನೀರನ್ನು ಬಕೆಟ್ಟಿಗೆ ಸುರಿದು ಕುಂಡವನ್ನು ಮುಳುಗಿಸಿದಳು. ಗುಳ್ಳೆಗಳು ಎದ್ದವು. ಗುಳ್ಳೆ ನಿಲ್ಲುವವರೆಗೆ ತೆಗೆಯಬಾರದು, ಬೋರ್‌ವೆಲ್ ನೀರಂತೂ ಹಾಕಲೇಬಾರದು ಎಂದು ನಂದನ್ ಹೇಳಿದ್ದ. ಆಲ್ದೂರಿನಲ್ಲಿ ನರ್ಸರಿ ನಡೆಸುವ ಓಂಕಾರಪ್ಪನವರ ಮಗ ಅವನು, ತಾಯಿಯಿಲ್ಲದವನು. "ಅಪ್ಪ ಕಳಿಸಿದ್ದು" ಎಂದು ಕುಂಡವನ್ನು ಅವಳ ಮಗಳು ಗಾನಶ್ರೀಯ ಕೈಗೆ ಕೊಟ್ಟು, ಕಾಫಿ ಕುಡಿದು ಹೋಗಿದ್ದ. ಆಮೇಲೆ ನರ್ಸರಿಯ ಜೀಪು ಕಳಸದ ಈ ಮನೆಯ ದಾರಿಯನ್ನು ಚೆನ್ನಾಗಿಯೇ ಕಲಿಯಿತು. ಊರಿನವರಿಗೆ ಕಣ್ಣಿಲ್ಲವೇ?

"ನಿಂಗೆ ತಲೆ ಸರಿ ಉಂಟಾ ಮಾರಾಯ್ತಿ?" ಬಚ್ಚಲ ಬಾಗಿಲಲ್ಲಿ ರಮಾಕಾಂತರು ನಿಂತಿದ್ದರು. "ಜಾತಿ ಬೇರೆ, ಪದ್ಧತಿ ಬೇರೆ. ನಾಳೆ ದೇವಸ್ಥಾನದಲ್ಲಿ ನಾನು ಮುಖ ತೋರ್ಸೋದು ಹೇಗೆ?"

"ತೊಳ್ಕೊಂಡು ಹೋಗಿ ತೋರ್ಸಿ ಭಾವ. ನೀರು ಕಾದಿದೆ."

ಅವರು ಹಿಂದೆ ಬಂದು ನಿಂತಿದ್ದ ಗಾನಶ್ರೀಯ ಕಡೆ ತಿರುಗಿದರು. "ನೀನಾದ್ರೂ ಹೇಳು. ಓದಿದವಳು."

"ಈ ಸಂಬಂಧ ಆಗ್ಲೇಬೇಕು ಅಂದದ್ದೇ ನಾನು ದೊಡ್ಡಪ್ಪ. ಮುಹೂರ್ತ ಇಡ್ಸಿದ್ದೂ ನಾನೇ."

ಇಷ್ಟು ನಾಚಿಕೆಗೆಟ್ಟ ಮಾತನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಸುಭದ್ರಾಳ ಹಠ ಸುಮ್ಮನೆ ಬಂದದ್ದಲ್ಲ. ರಮಾಕಾಂತರ ಮಗ ಅಜಿತನ ಮದುವೆಗೆ ಅವಳು ಬೆಳೆಸಿದ ಹೂವೇ ಬುಟ್ಟಿಗಟ್ಟಲೆ ಹೋಗಿತ್ತು. ಹೆಂಗಸರಿಗೆಲ್ಲ ಹೂ ಹಂಚುತ್ತ ಬಂದ ತಟ್ಟೆ ಮಾತ್ರ ಅವಳೆದುರು ಬಂದಾಗ ಪಕ್ಕಕ್ಕೆ ಸರಿಯಿತು. ಗಂಡ ಹೋದವಳಿಗೆ ಹೂವೇಕೆ? ಅವತ್ತು ಅವಳು ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತುರಿಯುತ್ತ ಕೂತಳು. ಇನ್ನೊಂದು ಮದುವೆಯಲ್ಲಿ ನಾನು ಹೀಗೆ ಒಳಗೆ ಕೂರುವವಳಲ್ಲ ಎಂದು ಅಲ್ಲೇ ತೀರ್ಮಾನಿಸಿದ್ದಳು.

ಕುಂಡ ಈಗ ಅವಳ ಕೋಣೆ ಸೇರಿತು. ಕೋಣೆಗೆ ಬೀಗ ಬಿತ್ತು. ಬೆಳಿಗ್ಗೆ ಎದ್ದು ಮಣ್ಣಿಗೆ ಬೆರಳಿಟ್ಟು ನೋಡುವುದು, ಪಸೆ ಆರುವ ಮೊದಲೇ ನೀರು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುವುದು. ಬಿಸಿಲು ಒಳಗೆ ಬಂದರೆ ಪರದೆ. ಅತ್ತ ರಮಾಕಾಂತರು ಊರಿನ ಭಟ್ಟರನ್ನು ತಡೆದರು, ನೆಂಟರಿಗೆ ಫೋನು ಮಾಡಿ ಬರಬೇಡಿ ಎಂದರು. ಗಾನಶ್ರೀ ಆಲ್ದೂರಿನಿಂದಲೇ ಪುರೋಹಿತರನ್ನು ಗೊತ್ತುಮಾಡಿದಳು. ಇತ್ತ ಮೊಗ್ಗುಗಳು ಯಾರ ಅಪ್ಪಣೆಯನ್ನೂ ಕೇಳದೆ ದಪ್ಪವಾದವು.

ಮಾಘದ ಆ ಬೆಳಿಗ್ಗೆ ಗಿಡದ ತುಂಬ ಗುಲಾಬಿ ಬಣ್ಣದ ಹೂವು. ಆಲ್ದೂರಿನ ಜೀಪು ಬಂತು. ಓಂಕಾರಪ್ಪನವರು, ಬಿಳಿ ಪಂಚೆಯುಟ್ಟ ನಂದನ್ ಇಬ್ಬರೂ ಇಳಿದರು. ಗಾನಶ್ರೀ ರೇಷ್ಮೆ ಸೀರೆಯುಟ್ಟು ಓಡಾಡುತ್ತಿದ್ದಳು. ರಮಾಕಾಂತರು ಜಗಲಿಯಲ್ಲಿ ಮನೆಗೆ ಬೆನ್ನು ಹಾಕಿ ಕೂತಿದ್ದರು, ಆದರೂ ಕುತ್ತಿಗೆ ತಡೆಯದೆ ಒಳಗೆ ತಿರುಗಿತು.

"ಹೆಣ್ಣಿಗೆ ಹೂ ಮುಡಿಸಿ" ಎಂದರು ಪುರೋಹಿತರು.

ಗಾನಶ್ರೀ ಹೂವಿನ ತಟ್ಟೆ ಹಿಡಿದು ಬಂದಳು. ಅದನ್ನು ನೋಡಿದ್ದೇ ಸುಭದ್ರಾಳ ತಲೆ ಹಳೆಯ ಅಭ್ಯಾಸದಿಂದ ತಾನಾಗಿ ತಗ್ಗಿತು. ತಟ್ಟೆ ಈ ಸಲ ಪಕ್ಕಕ್ಕೆ ಸರಿಯಲಿಲ್ಲ. ಗಾನಶ್ರೀ ಸ್ಟೂಲು ಎಳೆದುಕೊಂಡು ಅದರ ಮೇಲೆ ಹತ್ತಿ ನಿಂತಳು.

"ತಲೆ ಬಗ್ಗಿಸ್ಬೇಡಮ್ಮ. ಓಂಕಾರಪ್ಪನವರು ಹಸೆಮಣೆ ಮೇಲೆ ಕಾಯ್ತಿದ್ದಾರೆ. ಇವತ್ತು ಮದುಮಗಳು ನೀನು."