ಪತ್ರಿಕೆಯ ಮೂಲೆಗೆ ಅರಿಶಿನ

ನಿಪ್ಪಾಣಿಯ ತಮ್ಮ ಪ್ರೆಸ್ಸಿನಲ್ಲಿ ಸುಗಂಧಾ ಒಂದೇ ಲಗ್ನಪತ್ರಿಕೆಯ ಎರಡು ಪ್ರತಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎರಡೂ ಬೇರೆ ಬೇರೆ ಡಿಜಿಟಲ್ ಮಶಿನ್ನಿನಲ್ಲಿ ಅಚ್ಚಾದವು. ಅಂಗಡಿ ನಡೆಯುವುದೇ ಲಗ್ನಪತ್ರಿಕೆಗಳಿಂದ. ಯಾವ ಮಶಿನ್ ಕೊಳ್ಳುವುದೆಂದು ಇವತ್ತೇ ಹೇಳಬೇಕಿತ್ತು.

“ಅವ್ವಾ, ಇದ ಇರಲಿ. ಬಣ್ಣ ಹೆಂಗ ಮಿಂಚಾಕತ್ತೈತಿ ನೋಡ!” ಎಂದು ಮಗ ಅಭಿನಂದನ ಮೊದಲನೆಯದನ್ನು ಆರಿಸಿದ.

ಸುಗಂಧಾ ದೇವರ ಫೋಟೋದ ಮುಂದಿದ್ದ ಅರಿಶಿನದ ಬಟ್ಟಲು ತಂದರು. ಆ ಎರಡೂ ಮಶಿನ್ ಮಾರುವ ಅಮೋಲ ಅಲ್ಲೇ ಕೂತಿದ್ದ, ನಕ್ಕ. “ಮಶಿನ್ ಬರೂಕಿಂತ ಮೊದಲ ಪೂಜಾ ಏನ್ರಿ ಮಾವಶಿ?”

“ಮಶಿನ್ನಿಗಲ್ಲಪಾ. ಮನಿಗೆ ಒಯ್ದ ಕೂಡಲೆ ಪತ್ರಿಕಿ ಮೂಲಿಗೆ ಅರಿಶಿಣ ಹಚ್ಚತಾರ. ಆಗ ಇವು ಏನ್ ಮಾಡತಾವು ನೋಡೂಣು.”

ಒದ್ದೆ ಬೆರಳಿನಿಂದ ಎರಡಕ್ಕೂ ಹಚ್ಚಿದರು. ಮೂವರೂ ಬಗ್ಗಿ ನೋಡಿದರು. ಮಿಂಚುವ ಪತ್ರಿಕೆಯ ಕೆಂಪು ಅಂಚು ಮೆಲ್ಲಗೆ ಕದಡಿ ಮದುಮಗಳ ಹೆಸರಿನತ್ತ ಹರಿಯಿತು. ಇನ್ನೊಂದರ ಮೇಲೆ ಅರಿಶಿನ ಸುಮ್ಮನೆ ಅರಿಶಿನವಾಗಿ ಕೂತಿತು.

ಅಭಿನಂದನ ಎರಡನೆಯದನ್ನೇ ಎತ್ತಿ ಅಮೋಲನ ಕೈಗಿಟ್ಟ. ಅಮೋಲ ಮಾತ್ರ ಬಟ್ಟಲಿನಿಂದ ಕಣ್ಣು ತೆಗೆಯಲಿಲ್ಲ.

“ಮಾವಶಿ, ಒಂದ ಪುಡಿಕಿ ಅರಿಶಿಣ ಕಟ್ಟಿ ಕೊಡ್ರಿ. ನಾಳೆ ಅಥಣಿ ಪ್ರೆಸ್ಸಿಗೆ ಹೋಗೂದೈತಿ.”