ನಾ ಮಾಡಿದ ಫ್ಯಾನು

ಪಂಚರ್ ಸಲೂಷನ್ ವಾಸನಿ ಬಂದ್ರ ಈಗ್ಲೂ ನನಗ ಏಳನೇ ಕ್ಲಾಸಿನ ಸೈನ್ಸ್ ಪೀರಿಡ್ ನೆನಪಾಗ್ತೈತಿ.

ಮುರಿದ ಆಟದ ಕಾರಿನ ಮೋಟರಿಗೆ ಪೌಡರ್ ಡಬ್ಬಿ ತಗಡಿನ ರೆಕ್ಕಿ ಪಂಚರ್ ಸಲೂಷನ್ ಹಚ್ಚಿ ಅಂಟಿಸಿ, ಶೆಲ್ಲಿನ ಮ್ಯಾಲ ತಿರುಗೋ ಫ್ಯಾನ್ ಮಾಡಿದ್ದೆ. ಸಾಹೇಬ್ರು ಸಾಲಿ ನೋಡಾಕ ಬರೋ ದಿನ ಸಾರ್ ಅದನ್ನ ಕಸ್ಕೊಂಡು ನಮ್ಮ ಕ್ಲಾಸಿನ ಮಂಜ್ಯಾನ ಕೈಗೆ ಕೊಟ್ರು.

"ನಿನಗ ನೀಟಾಗಿ ಮಾತಾಡಾಕ ಬರಂಗಿಲ್ಲ, ಹಿಂದ ಕುಂದ್ರು," ಅಂದ್ರು ನನಗ.

ಸಾಹೇಬ್ರಿಗೆ, "ಇದು ಇವ ಮಾಡಿದ್ದು," ಅಂತ ಮಂಜ್ಯಾನ್ನ ತೋರಿಸಿದ್ರು.

"ಶೆಲ್ಲು ಉಲ್ಟಾ ಹಾಕಿದ್ರೆ ಏನಾಗುತ್ತಪ್ಪಾ?" ಸಾಹೇಬ್ರು ಕೇಳಿದ್ರು. ಮಂಜ್ಯಾ ಫ್ಯಾನು ಹಿಂದ ಮುಂದ ತಿರುವಿ, ಸಾರ್ ಮಾರಿ ನೋಡಿದ. ಸಾರ್ ಬೆವತು ನನ್ನ ಕಡಿ ತಿರುಗಿದ್ರು. "ಲೇ, ನೀನರ ಹೇಳೋ."

ಉಲ್ಟಾ ತಿರುಗತೈತಿ ಅಂತ ನನಗ ಗೊತ್ತಿತ್ತು.

"ಅವ್ನ ಮಾಡಿದ್ದು ಅಂದ್ರಲ್ರಿ ಸಾರ್, ಅವನ್ನ ಕೇಳ್ರಿ," ಅಂದೆ. ಇಡೀ ಕ್ಲಾಸು ಗೊಳ್ ಅಂತ ನಕ್ತು.

ಸಾಹೇಬ್ರು ಹೋದಮ್ಯಾಲ ಸಾರ್ ನನ್ನ ಅಂಗೈಗೆ ಬೆತ್ತದಲೆ ಬಾರಿಸಿದ್ರು. ಸಾಕು ಹೋಗು ಅಂದ್ರೂ ನಾ ಇನ್ನೊಂದು ಕೈ ಚಾಚಿದೆ.