ಸವೆದ ಗುಂಡಿ

"ಇದನ್ನ ಹಿಡಿಯೋ ಮನುಷ್ಯ ಕೈಮೀರಿ ಹೋಗಿದಾನಾ ಇಲ್ವಾ, ಅಷ್ಟು ಹೇಳಿ ಸಾಕು. ರಿಪೇರಿ ಆಮೇಲೆ," ಎನ್ನುತ್ತಾ ಆ ಹೆಂಗಸು ವಿಡಿಯೋ ಗೇಮಿನ ಕಂಟ್ರೋಲರನ್ನು ಕೌಂಟರಿನ ಮೇಲಿಟ್ಟಳು.

ರಿಪೇರಿಯವನು ತಲೆ ಎತ್ತಲಿಲ್ಲ. ಬಡಾವಣೆಯ ಮಕ್ಕಳು ಅವನನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಕಂಟ್ರೋಲರ್ ಬಿಚ್ಚಿದರೆ ಸಾಕು, ಆಡುವವರ ಬಂಡವಾಳವನ್ನೆಲ್ಲ ಬಯಲು ಮಾಡುತ್ತಾನೆಂಬ ಹೆಸರು ಅವನಿಗಿತ್ತು. ಸೋತ ಸಿಟ್ಟಿಗೆ ಗೋಡೆಗೆ ಎಸೆದವರು ಯಾರು, ಓದುತ್ತಿದ್ದೇನೆಂದು ಅಮ್ಮನಿಗೆ ಟೋಪಿ ಹಾಕಿದವರು ಯಾರು, ಎಲ್ಲವನ್ನೂ ಸವೆತ ನೋಡಿಯೇ ಹೇಳುತ್ತಿದ್ದ. ಒಮ್ಮೆ ಒಂದರೊಳಗೆ ಇರುವೆಗಳು ಸಂಸಾರ ಹೂಡಿದ್ದವು. ಅದರ ಒಡೆಯನಿಗೆ ಬಿಸ್ಕತ್ತು ಬಿಟ್ಟು ಆಡು ಎಂದು ಚೀಟಿ ಬರೆದು ಕಳಿಸಿದ್ದ.

"ಯಾರದು?"

"ನಮ್ಮ ಯಜಮಾನರದು. ಅವರು ನಿದ್ದೆ ಹೋದಾಗ ಕುರ್ಚಿ ಮೇಲಿಂದ ಎತ್ಕೊಂಡ್ ಬಂದೆ. ಯುದ್ಧದಿಂದ ವಾಪಸ್ ಬಂದು ಏಳು ತಿಂಗಳಾಯ್ತು. ಬೆಳಗಾದ್ರೆ ಗೇಮು, ಸಂಜೆಯಾದ್ರೆ ಗೇಮು. ಅಲ್ಲೂ ಬಂದೂಕು, ಇಲ್ಲೂ ಬಂದೂಕು. ಮಾತಿಲ್ಲ, ಕತೆಯಿಲ್ಲ."

ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತ್ತು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ. ಎಂಟು ವರ್ಷದ ಮಗಳು ಮೂರು ಗಂಟೆಗೆ ಶಾಲೆಯಿಂದ ಬರುತ್ತಾಳೆ. ಆಗ ಮನೆಯಲ್ಲಿ ಅಪ್ಪನೊಬ್ಬನೇ. ಮಗಳನ್ನು ಅವನ ಕೈಲಿ ಬಿಟ್ಟು ಹೋಗಬಹುದೇ? ನಾಳೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಸೈನಿಕರ ಕಚೇರಿಯಲ್ಲಿ ವಿಚಾರಿಸಿದರೆ, ದಿನ ಕಳೆದಂತೆ ಎಲ್ಲ ಸರಿಹೋಗುತ್ತದೆ ಎಂದು ಸಾಗಹಾಕಿದ್ದರು.

"ಮಗಳು ಅವರ ಹತ್ರ ಹೋಗ್ತಾಳಾ?"

"ಸದ್ಯ, ಅದೊಂದು ಇದೆ. ಸಂಜೆ ಆಟ ಶುರುವಾದ್ರೆ ಪಕ್ಕದಲ್ಲೇ ಕೂತಿರ್ತಾಳೆ. ನಾನು ಅಡುಗೆಮನೇಲಿರ್ತೀನಿ, ಅವಳದು ಒಂದು ಸದ್ದೂ ಇರಲ್ಲ. ಆದ್ರೂ ನನ್ನ ಜೀವ ಹೊಡ್ಕೊಳ್ಳುತ್ತೆ."

ಅವನು ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಗುಂಡು ಹಾರಿಸುವ ಟ್ರಿಗರ್ ಹೊಚ್ಚ ಹೊಸದರಂತಿತ್ತು. ಸ್ಪ್ರಿಂಗ್ ಬಿಗಿಯಾಗಿಯೇ ಇತ್ತು. ಅದರ ಕೆಳಗಿನ ಸಣ್ಣ ಗುಂಡಿಯ ಕತೆಯೇ ಬೇರೆ. ಅಕ್ಷರ ಅಳಿಸಿಹೋಗಿತ್ತು, ಒಳಗಿನ ರಬ್ಬರ್ ಹರಿದಿತ್ತು. ಸವೆದದ್ದು ಅಂಚಿನಲ್ಲಿ ಮಾತ್ರ, ಉಗುರಿನಷ್ಟಗಲ. ಕೈ ನಡುಗುವವರು ಬೆರಳ ತುದಿಯಲ್ಲೇ ಒತ್ತುತ್ತಾರೆ ಎಂದುಕೊಂಡ. ಪಕ್ಕದಲ್ಲಿ ಹೆಬ್ಬೆರಳಿಂದ ತಿರುಗಿಸುವ ಕಡ್ಡಿಯ ರಬ್ಬರಿನ ಮೇಲೆ ಹಲ್ಲಿನ ಗುರುತುಗಳಿದ್ದವು, ಸಣ್ಣವು, ಒತ್ತೊತ್ತಾಗಿ.

ಹಲ್ಲಿನ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದೇ ಯುದ್ಧದಿಂದ ಅವನು ಎರಡು ವರ್ಷದ ಹಿಂದೆ ಬಂದಿದ್ದ. ಇಂದಿಗೂ ಬೆಳಗ್ಗೆ ಎಚ್ಚರವಾದಾಗ ಬಾಯಲ್ಲಿ ಟವೆಲ್ಲಿನ ತುದಿ ಇರುತ್ತಿತ್ತು. ಅಂಗಡಿಯ ಬಾಗಿಲಿನ ಗಂಟೆಯನ್ನು ಕಿತ್ತುಹಾಕಿದ್ದ. ಕುರ್ಚಿಯ ಕಾಲು ಕತ್ತರಿಸಿ ಗೋಡೆಗೆ ಒತ್ತಿ ಇಟ್ಟಿದ್ದ. ಬೀದಿಯಿಂದ ನೋಡಿದರೆ ಅವನ ಕೂದಲು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಇಂಥದೇ ಬಂದೂಕಿನ ಗೇಮನ್ನು ಅವನೂ ಆಡಿದ್ದ. ಒಂದು ಗುಂಡೂ ಹಾರಿಸದೆ, ಮುರಿದ ಮನೆಯೊಂದರ ಮೂಲೆಯಲ್ಲಿ ಆಟ ಮುಗಿಯುವ ತನಕ ಅವಿತು ಕೂರುತ್ತಿದ್ದ.

ಎರಡು ವರ್ಷದಿಂದ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಈಗ ಒಂಚೂರು ಏನೋ ಅನಿಸಿತು. ತನ್ನಂಥವನು ಇನ್ನೊಬ್ಬನಿದ್ದಾನೆ ಎಂಬ ಸಮಾಧಾನವಿರಬೇಕು.

"ಇಲ್ಲಿ ನೋಡಿ. ಇದು ಶೂಟ್ ಮಾಡೋದು. ಒತ್ತೇ ಇಲ್ಲ. ಇದು ಕುಕ್ಕರಗಾಲಲ್ಲಿ ಕೂತು ಅಡಗಿಕೊಳ್ಳೋ ಬಟನ್. ಪೂರ್ತಿ ಸವೆದುಹೋಗಿದೆ. ಇದನ್ನ ಹಿಡಿಯೋ ಜೀವ ಯಾರಿಗೂ ಏನೂ ಮಾಡಲ್ಲಮ್ಮ. ತಾನೇ ಹೆದರಿ ಸಾಯ್ತಿದೆ, ಅಷ್ಟೆ."

"ಖಂಡಿತಾನಾ?"

"ನಾನೂ ಅಲ್ಲಿಂದಲೇ ಬಂದವನು. ನನಗೆ ಗೊತ್ತಾಗಲ್ವಾ?"

ಅವಳು ಅವನ ಮುಖವನ್ನು ಆಗಲೇ ಸರಿಯಾಗಿ ನೋಡಿದ್ದು. ಸ್ಟೂಲಿನ ಮೇಲೆ ಕುಸಿದು ಕೂತು ತೋಳಿಗೆ ಕಣ್ಣೊರೆಸಿಕೊಂಡಳು. ಗಂಡನನ್ನು ಕಂಡರೆ ಏಳು ತಿಂಗಳಿಂದ ಹೆದರುತ್ತಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅವನು ರಬ್ಬರ್ ಬದಲಿಸಿ ಕೊಟ್ಟ. ಅವಳು ಮನೆಗೂ ಹೋಗದೆ ನೆಟ್ಟಗೆ ಆಸ್ಪತ್ರೆಗೆ ಹೋಗಿ ಹೂಂ ಎಂದು ಬಂದಳು.

ಒಂಬತ್ತು ದಿನ ಕಳೆಯಿತು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಶಾಲೆಯ ಚೀಲ ಹೊತ್ತ ಹುಡುಗಿಯೊಬ್ಬಳು ಬಂದಳು. ಬಂದವಳು ಕೌಂಟರಿನ ಮುಂದೆ ನಿಲ್ಲದೆ ಒಳಕ್ಕೆ ನುಸುಳಿ ಅವನ ಕುರ್ಚಿಯ ಪಕ್ಕ ಗೋಡೆಗೊರಗಿ ಕೂತಳು. ಚೀಲದಿಂದ ಕಪ್ಪು ಕಂಟ್ರೋಲರೊಂದನ್ನು ತೆಗೆದು ಕೊಟ್ಟಳು.

"ಅಂಕಲ್, ಟ್ರಿಗರ್ ಮುರಿದಿದೆ. ನಿಧಾನಕ್ಕೆ ಮಾಡಿ, ಅವಸರ ಇಲ್ಲ."

ಬಿಚ್ಚಿ ನೋಡಿದ. ಸ್ಪ್ರಿಂಗ್ ತುಂಡಾಗಿತ್ತು. ದಪ್ಪ ಬೆರಳು ಒತ್ತಿ ಒತ್ತಿ ಪ್ಲಾಸ್ಟಿಕ್ಕು ಹಳ್ಳಬಿದ್ದಿತ್ತು. ಅಡಗಿಕೊಳ್ಳುವ ಗುಂಡಿಯ ಮೇಲಿನ ಅಕ್ಷರ ಹೊಳೆಯುತ್ತಿತ್ತು.

"ಇದ್ಯಾರದಮ್ಮ?"

"ಅಪ್ಪಂದು. ಅವತ್ತು ಅಮ್ಮ ತಂದಿದ್ದು ನಂದು. ಎರಡೂ ಒಂದೇ ಥರ ಇದೆಯಲ್ಲ, ಅಮ್ಮಂಗೆ ಗೊತ್ತಾಗಲ್ಲ."

ಅವಳು ಚೀಲದ ಪಟ್ಟಿಯನ್ನು ಬಾಯಿಗಿಟ್ಟು ಕಚ್ಚತೊಡಗಿದಳು. ಅವನ ಕೈ ನಿಂತಿತು.

"ಆಟದಲ್ಲಿ ನೀನೇನ್ ಮಾಡ್ತೀಯ?"

"ಅಡಗಿಕೊಳ್ತೀನಿ. ಅಪ್ಪ ಹುಡುಕಿ ಶೂಟ್ ಮಾಡ್ತಾನೆ. ಈಗ ಅಮ್ಮ ಕೆಲಸಕ್ಕೆ ಹೋದ್ಮೇಲೆ, ಟಿವಿ ಆಫ್ ಮಾಡಿದ್ರೂ ಹುಡುಕ್ತಾನೆ."

"ಅಮ್ಮಂಗೆ ಹೇಳಿದ್ಯಾ?"

"ಹೇಳ್ದೆ. ಅಪ್ಪನಿಂದ ಏನೂ ಭಯ ಇಲ್ಲ, ರಿಪೇರಿ ಅಂಕಲ್ಲೇ ಬಿಚ್ಚಿ ನೋಡಿ ಹೇಳಿದಾರೆ ಅಂದ್ಳು."